ಸ್ವರಕ್ಕೂ ಸಾಹಿತ್ಯಕ್ಕೂ ಎಷ್ಟು ದೂರ?

ರೇಡಿಯೋದಲ್ಲಿ ವೃಂದಗಾನವನ್ನು ಕೇಳುವಾಗ ನಮ್ಮ ಗಮನವೆಲ್ಲ ಕಂಠಗಳ ಮೇಲಿರುತ್ತದೆ. ಇಪ್ಪತ್ತು ಮೂವತ್ತು ಜನ ಒಂದೇ ಉಸಿರಿನಲ್ಲಿ ಪದವನ್ನು ಎತ್ತಿಕೊಳ್ಳುತ್ತಾರೆ, ಒಂದೇ ಕ್ಷಣದಲ್ಲಿ ನಿಲ್ಲಿಸುತ್ತಾರೆ. ಇದು ಅಭ್ಯಾಸದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಶ್ಚಾತ್ಯ ಪದ್ಧತಿಯ ವೃಂದಗಾನದಲ್ಲಿ ಕೇಳುವವರ ಕಣ್ಣಿಗೆ ಬೀಳದ ಇನ್ನೊಂದು ಸಹಾಯವೂ ಇದೆ. ಅದು ಗಾಯಕರ ಕೈಯಲ್ಲಿರುವ ಹಾಳೆ. ಗಾಯಕನ ಕಣ್ಣು ಆ ಹಾಳೆಯಲ್ಲಿ ಸ್ವರವನ್ನು ಓದಬೇಕು, ಅದರ ಕೆಳಗಿನ ಪದವನ್ನು ಓದಬೇಕು, ನಡುನಡುವೆ ಮೇಲೆದ್ದು ನಿರ್ದೇಶಕನ ಕೈಯನ್ನೂ ನೋಡಬೇಕು. ಹಾಗೆ ಮೇಲೆದ್ದ ಕಣ್ಣು ಮತ್ತೆ ಇಳಿಯುವಾಗ ಬಿಟ್ಟ ಸಾಲಿಗೇ ಇಳಿಯಬೇಕು. ಪಕ್ಕದ ಸಾಲಿಗೆ ಇಳಿಯಿತೋ, ಪದ ತಪ್ಪಿತು. ಒಬ್ಬನ ಪದ ತಪ್ಪಿದರೆ ಪಕ್ಕದವನೂ ತಡವರಿಸುತ್ತಾನೆ.

ಕಣ್ಣು ತಪ್ಪದಂತೆ ಕಾಯುವುದು ಹಾಳೆಯ ಮೇಲಿರುವ ಮಸಿ ಮಾತ್ರವಲ್ಲ. ಮಸಿಯಿಲ್ಲದ ಬಿಳಿಯ ಜಾಗವೂ ಹೌದು. ಪದವು ಯಾವ ಸ್ವರದ ಹತ್ತಿರವಿದೆಯೋ ಆ ಸ್ವರದ್ದು. ಯಾವುದರಿಂದ ದೂರವಿದೆಯೋ ಅದರದ್ದಲ್ಲ. ಇದನ್ನು ಗಾಯಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ತಾನಾಗಿ ಹಾಗೆಯೇ ಓದುತ್ತದೆ. ಹೀಗಿರಲು, ಹಾಳೆಯನ್ನು ಸಿದ್ಧಮಾಡುವವನು ಬಿಡುವ ಒಂದೊಂದು ತೆರಪೂ ಒಂದು ಮಾತನ್ನು ಆಡಿದಂತೆಯೇ. ಈಗ ಸಂಗೀತದ ಹಾಳೆಗಳನ್ನು ಹೆಚ್ಚಾಗಿ ಸಿದ್ಧಪಡಿಸುವುದು ಕಂಪ್ಯೂಟರು. ಅದಕ್ಕೆ ಈ ತೆರಪಿನ ವಿದ್ಯೆಯನ್ನು ಹೇಗೆ ಕಲಿಸಿದರು, ಅದು ಎಷ್ಟು ಕಲಿತಿದೆ, ನಮ್ಮ ಕನ್ನಡದ ಅಕ್ಷರಗಳ ವಿಷಯದಲ್ಲಿ ಅದು ಎಲ್ಲಿ ತಡವರಿಸುತ್ತದೆ—ಇದೇ ಈ ಲೇಖನದ ವಿಚಾರ.

ಐದು ಗೆರೆಗಳ ಪಟ್ಟಿ

ಮೊದಲು ಪಾಶ್ಚಾತ್ಯ ಸ್ವರಲಿಪಿಯ ಪರಿಚಯವನ್ನು ಚುರುಕಾಗಿ ಮಾಡಿಕೊಳ್ಳೋಣ. ನಮ್ಮಲ್ಲಿ ಸ್ವರವನ್ನು ಸ, ರಿ, ಗ, ಮ ಎಂದು ಅಕ್ಷರದಿಂದ ಬರೆಯುತ್ತೇವೆ. ಅಲ್ಲಿ ಐದು ಅಡ್ಡಗೆರೆಗಳನ್ನು ಎಳೆದು, ಅವುಗಳ ಮೇಲೂ ನಡುವೆಯೂ ಮೊಟ್ಟೆಯಾಕಾರದ ಬೊಟ್ಟುಗಳನ್ನು ಇಡುತ್ತಾರೆ. ಸ್ವರ ಎತ್ತರವಾದಷ್ಟೂ ಬೊಟ್ಟು ಮೇಲೆ, ತಗ್ಗಿದಷ್ಟೂ ಕೆಳಗೆ. ಈ ಐದು ಗೆರೆಗಳಿಗೆ ಸ್ಟಾಫ್ ಎಂದು ಹೆಸರು; ನಾವು ಇಲ್ಲಿ 'ಪಟ್ಟಿ' ಎನ್ನೋಣ. ಎರಡು ಗೆರೆಗಳ ನಡುವಣ ಜಾಗವನ್ನು, ಚೌಕಾಬಾರದ ಆಟದಲ್ಲಿ ಹೇಳುವಂತೆ, 'ಮನೆ' ಎನ್ನೋಣ. ಒಂದು ಪಟ್ಟಿಗೆ ನಾಲ್ಕು ಮನೆ. ಐದು ಗೆರೆಗಳಿಗೂ ಕೆಳಗೆ ಇಳಿಯುವ ಮಂದ್ರದ ಸ್ವರ ಬಂದರೆ ಅದಕ್ಕೆ ಬೇಕಾದಷ್ಟು ಚಿಕ್ಕ ಅಡ್ಡಗೆರೆಗಳನ್ನು ಹಾಕಿ ಬೊಟ್ಟನ್ನು ಕೆಳಕ್ಕೆ ಇಳಿಸುತ್ತಾರೆ.

ಈ ಪಟ್ಟಿಯ ಸುತ್ತ ಬರೆಯಬೇಕಾದ ಮಾತುಗಳು ಬಹಳ. ಹಾಡಿನ ಸಾಹಿತ್ಯ ಪಟ್ಟಿಯ ಕೆಳಗೆ. ಕಾಲಪ್ರಮಾಣದ ಸೂಚನೆ, ಅಂದರೆ ನಿಧಾನವಾಗಿ, ಚುರುಕಾಗಿ ಎಂಬುದು, ಎಲ್ಲಕ್ಕಿಂತ ಮೇಲಿನ ಪಟ್ಟಿಯ ಮೇಲೆ. ಮೆಲ್ಲನೆ ನುಡಿಸು, ಗಟ್ಟಿಯಾಗಿ ನುಡಿಸು ಎಂಬ ಬಲಸೂಚನೆ ಪಿಟೀಲು ಮೊದಲಾದ ವಾದ್ಯಗಳಿಗೆ ಪಟ್ಟಿಯ ಕೆಳಗೆ. ಪಿಯಾನೋವಿಗಾದರೋ ಎಡಗೈಗೊಂದು ಬಲಗೈಗೊಂದು ಪಟ್ಟಿ; ಬಲಸೂಚನೆ ಎರಡು ಕೈಗಳಿಗೂ ಸೇರಿದ್ದಾದ್ದರಿಂದ ಎರಡರ ನಡುವೆ. ಹಾಡುವವರಿಗೆ ಮಾತ್ರ ಅದು ಪಟ್ಟಿಯ ಮೇಲೆ. ಏಕೆಂದರೆ ಕೆಳಗಿನ ಜಾಗವನ್ನು ಆಗಲೇ ಸಾಹಿತ್ಯ ಹಿಡಿದುಕೊಂಡಿದೆ. ಹೀಗೆ ಪ್ರತಿಯೊಂದು ಮಾತಿಗೂ ರೂಢಿಯಲ್ಲಿ ಒಂದು ಜಾಗ ನಿಗದಿಯಾಗಿದೆ. ತೊಂದರೆ ಬರುವುದು ಒಂದೇ ಜಾಗಕ್ಕೆ ಇಬ್ಬರು ಬಂದಾಗ.

ತಗಡಿನ ಮೇಲಿನ ವಿದ್ಯೆ

ಸಂಗೀತವನ್ನು ಅಚ್ಚುಮಾಡುವವರಿಗೆ ಈ ತೊಂದರೆ ಮೊದಲಿನಿಂದಲೂ ಇತ್ತು. ೧೫೦೧ರಲ್ಲಿ ವೆನಿಸ್ ನಗರದ ಒಟ್ಟಾವಿಯಾನೋ ಪೆಟ್ರೂಚಿ ಎಂಬಾತ ಹಲವು ಕಂಠಗಳ ಹಾಡುಗಳ ಒಂದು ಸಂಗ್ರಹವನ್ನು ಬಿಡಿ ಮೊಳೆಗಳಿಂದ ಅಚ್ಚುಮಾಡಿದ. ಗೆರೆಗಳನ್ನೂ ಸ್ವರಗಳನ್ನೂ ಅಕ್ಷರಗಳನ್ನೂ ಒಂದೇ ಬಾರಿಗೆ ಒತ್ತಲಾಗದೆ, ಅದೇ ಹಾಳೆಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಡಬೇಕಾಗಿತ್ತು. ಹಾಳೆ ಕೂದಲೆಳೆಯಷ್ಟು ಜರುಗಿದರೂ ಸ್ವರ ಒಂದು ಮನೆ ತಪ್ಪುತ್ತಿತ್ತು.

ಮುಂದೆ ಹದಿನೆಂಟನೆಯ ಶತಮಾನದ ಹೊತ್ತಿಗೆ ಲೋಹದ ತಗಡಿನ ಮೇಲೆ ಕೆತ್ತುವ ಪದ್ಧತಿ ಬಲವಾಗಿ ಬೇರೂರಿತು. ತವರ ಸೀಸಗಳ ಮಿಶ್ರಲೋಹದ ತಗಡು. ಅದರ ಮೇಲೆ ಐದು ಹಲ್ಲುಗಳ ಉಪಕರಣದಿಂದ ಪಟ್ಟಿಯನ್ನು ಗೀರುವುದು. ಸ್ವರದ ಬೊಟ್ಟುಗಳನ್ನೂ ಸಾಹಿತ್ಯದ ಅಕ್ಷರಗಳನ್ನೂ ಉಕ್ಕಿನ ಅಚ್ಚುಗಳನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸುವುದು. ಕಮಾನಿನಂಥ ವಕ್ರರೇಖೆಗಳನ್ನು ಉಳಿಯಿಂದ ಕೆತ್ತುವುದು. ಇದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ! ಜರ್ಮನಿಯ ಲೈಪ್‌ಜಿಗ್ ನಗರ ಈ ಕಸುಬಿಗೆ ಹೆಸರಾಗಿತ್ತು. ಅಲ್ಲಿ ೧೮೪೬ರಲ್ಲಿ ಆರಂಭವಾದ ರ‍್ಯೋಡರ್ ಎಂಬ ಕಾರ್ಯಾಗಾರ ಯೂರೋಪಿನ ಅನೇಕ ಪ್ರಕಾಶಕರಿಗೆ ಹಾಳೆಗಳನ್ನು ಸಿದ್ಧಮಾಡಿಕೊಡುತ್ತಿತ್ತು.

ಈ ಕಸುಬಿನ ಒಂದು ಅಂಶವನ್ನು ನಾವು ವಿಶೇಷವಾಗಿ ಗಮನಿಸಬೇಕು. ತಗಡಿನ ಮೇಲೆ ಪಟ್ಟಿಗಳನ್ನು ಗೀರಿದ ಮೇಲೆ ಅವನ್ನು ಜರುಗಿಸುವಂತಿಲ್ಲ. ಆದ್ದರಿಂದ ಕೆತ್ತುವವನು ಮೊದಲ ಗೆರೆಯನ್ನು ಎಳೆಯುವುದಕ್ಕೆ ಮುಂಚೆಯೇ ಇಡೀ ಪುಟವನ್ನು ಮನಸ್ಸಿನಲ್ಲಿ ಓದಿಕೊಳ್ಳಬೇಕಾಗಿತ್ತು. ಯಾವ ಸಾಲಿನಲ್ಲಿ ಸ್ವರ ಬಹಳ ಕೆಳಕ್ಕೆ ಇಳಿಯುತ್ತದೆ? ಯಾವ ಸಾಲಿಗೆ ಮೂರು ಚರಣಗಳ ಸಾಹಿತ್ಯ ಒಂದರ ಕೆಳಗೊಂದು ಬರಬೇಕು? ಎಲ್ಲಿ ಸ್ವಲ್ಪ ಬಿಗಿ ಹಿಡಿದರೆ ಎಲ್ಲಿ ಸಡಿಲ ಬಿಡಬಹುದು? ಈ ಲೆಕ್ಕ ಬರೆದಿಟ್ಟ ಸೂತ್ರವಾಗಿರಲಿಲ್ಲ. ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಕಣ್ಣಿಗೆ ಬಂದದ್ದು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕೆತ್ತನೆಯ ಕಸುಬು ಬಹುಮಟ್ಟಿಗೆ ನಿಂತುಹೋಯಿತು. ಆ ಜನರ ಕಣ್ಣಿನಲ್ಲಿದ್ದ ಲೆಕ್ಕವನ್ನು ಯಾರಾದರೂ ಹಿಡಿದಿಡದಿದ್ದರೆ ಅದೂ ಅವರೊಡನೆ ಹೋಗುತ್ತಿತ್ತು.

ಕಂಪ್ಯೂಟರಿಗೆ ಕಲಿಸಿದ್ದು

ಹಿಡಿದಿಡುವ ಕೆಲಸ ಹಲವು ಕಡೆ ನಡೆಯಿತು. ೧೯೮೮ರಲ್ಲಿ ಅಮೆರಿಕದಲ್ಲಿ ಫಿನಾಲೆ ಎಂಬ ತಂತ್ರಾಂಶ ಹೊರಬಂತು. ೨೦೨೪ರಲ್ಲಿ ಅದರ ಬೆಳವಣಿಗೆಯನ್ನು ನಿಲ್ಲಿಸಿರುವುದಾಗಿ ಅದರ ಒಡೆಯರು ಪ್ರಕಟಿಸಿದರು. ೧೯೯೩ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಬೆನ್ ಫಿನ್ ಮತ್ತು ಜೊನಾಥನ್ ಫಿನ್ ಸಿಬೇಲಿಯಸ್ ಎಂಬುದನ್ನು ತಂದರು. ೨೦೦೨ರಲ್ಲಿ ಜರ್ಮನಿಯ ವೆರ್ನರ್ ಶ್ವೇರ್ ಆರಂಭಿಸಿದ ಮ್ಯೂಸ್‌ಸ್ಕೋರ್ ಇಂದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದದ್ದು. ೨೦೧೬ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯಿಂದ ಡೊರಿಕೋ ಬಂತು. ಲಂಡನ್ನಿನ ಎಲೇನ್ ಗೂಲ್ಡ್ ಎಂಬ ಸಂಪಾದಕಿ ಈ ವಿದ್ಯೆಯ ನಿಯಮಗಳನ್ನೆಲ್ಲ ಕೂಡಿಸಿ ೨೦೧೧ರಲ್ಲಿ ಆರುನೂರಕ್ಕೂ ಮಿಕ್ಕಿದ ಪುಟಗಳ ಗ್ರಂಥವನ್ನೇ ಬರೆದರು.

ಇವುಗಳಲ್ಲಿ ನಾವು ಒಂದನ್ನು ಆರಿಸಿಕೊಂಡು ಒಳಗೆ ಇಣುಕಿ ನೋಡೋಣ. ಅದರ ಹೆಸರು ಲಿಲಿಪಾಂಡ್. ೧೯೯೬ರಲ್ಲಿ ಹಾಲೆಂಡಿನ ಹಾನ್-ವೆನ್ ನೀನ್‌ಹಾಯ್ಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಎಂಬಿಬ್ಬರು ಇದನ್ನು ಆರಂಭಿಸಿದರು. ಇದೂ ಉಚಿತವಾಗಿ ದೊರೆಯುವಂಥದು. ಒಳಗಿನ ಲೆಕ್ಕಗಳೆಲ್ಲ ಬಹಿರಂಗವಾಗಿರುವುದರಿಂದ ಯಾರಾದರೂ ಓದಬಹುದು. ಕಂಪ್ಯೂಟರಿನ ಹಾಳೆಗಳು ಹಳೆಯ ಕೆತ್ತನೆಯ ಹಾಳೆಗಳಿಗಿಂತ ನೋಡಲು ನೀರಸವಾಗಿರುವುದೇಕೆ ಎಂಬ ಪ್ರಶ್ನೆಯೇ ಈ ಇಬ್ಬರನ್ನು ಕಾಡಿತ್ತು. ಅವರು ತಮ್ಮ ಬರಹದಲ್ಲಿ ಬಾಖ್‌ನ ಚೆಲ್ಲೋ ವಾದ್ಯದ ಒಂದು ಕೃತಿಯ ಎರಡು ಅಚ್ಚುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ಒಂದು ೧೯೫೦ರದು, ಕೈಯಿಂದ ಕೆತ್ತಿದ್ದು; ಇನ್ನೊಂದು ೨೦೦೦ದ್ದು, ಕಂಪ್ಯೂಟರಿನಿಂದ ಮಾಡಿದ್ದು. ಎರಡರಲ್ಲೂ ಸ್ವರಗಳು ಅವೇ. ಆದರೆ ಎರಡನೆಯದರಲ್ಲಿ ಗೆರೆಗಳು ತೆಳು, ಅಂತರಗಳು ಅಳತೆಗೋಲಿಟ್ಟಂತೆ ಒಂದೇ ಸಮ. ಯಂತ್ರದ ದೃಷ್ಟಿಯಿಂದ ಅದು ಹೆಚ್ಚು ನಿಖರ. ಓದುವವನ ಕಣ್ಣಿಗೆ ಮಾತ್ರ ಹಳೆಯದೇ ಹಿತ. ಅಂದರೆ, ಸಮನಾದ ಅಂತರವೇ ಸರಿಯಾದ ಅಂತರವಲ್ಲ ಎಂದಾಯಿತು.

ಊರಿನ ಅಂಚು

ಲಿಲಿಪಾಂಡ್ ತೆರಪನ್ನು ಲೆಕ್ಕ ಹಾಕುವ ರೀತಿ ಹೀಗಿದೆ. ಮೊದಲು ಪಟ್ಟಿಯ ಒಳಗಿನ ಸ್ವರಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ. ಅವನ್ನು ಮೇಲೆ ಕೆಳಗೆ ಜರುಗಿಸುವ ಹಾಗಿಲ್ಲ, ಜರುಗಿಸಿದರೆ ರಾಗವೇ ಬದಲಾಗುತ್ತದೆ. ಆಮೇಲೆ ಪಟ್ಟಿಯ ಹೊರಗೆ ನಿಲ್ಲಬೇಕಾದವರ ಸರದಿ. ಇವರಿಗೆಲ್ಲ ಒಂದು ಸರತಿಯ ಸಂಖ್ಯೆ ಉಂಟು. ಕಂಪಿತದ ಅಲೆಗೆರೆ ಮೊದಲು ಬಂದು ಪಟ್ಟಿಯ ಹತ್ತಿರ ನಿಲ್ಲುತ್ತದೆ. ಅದರ ಆಚೆಗೆ ಬಲಸೂಚನೆ. ಅದರಾಚೆ ಬಿಡಿ ಮಾತುಗಳು. ಇನ್ನೂ ಆಚೆ ಪುನರಾವರ್ತನೆಯ ಕಂಸ. ಎಲ್ಲಕ್ಕಿಂತ ಹೊರಗೆ ಕಾಲಪ್ರಮಾಣವೂ ಅಭ್ಯಾಸಕ್ಕೆ ಗುರುತು ಹಾಕುವ ದೊಡ್ಡ ಅಕ್ಷರಗಳೂ. ಒಂದು ಸ್ವರಕ್ಕೆ ಮಾತ್ರ ಸಂಬಂಧಿಸಿದ್ದು ಹತ್ತಿರ, ಇಡೀ ವೃಂದಕ್ಕೆ ಸಂಬಂಧಿಸಿದ್ದು ದೂರ ಎಂಬುದೇ ಒಟ್ಟಿನಲ್ಲಿ ಈ ಸರತಿಯ ತಾತ್ಪರ್ಯ.

ಒಬ್ಬರ ಆಚೆ ಇನ್ನೊಬ್ಬರು ಎಷ್ಟು ದೂರ ನಿಲ್ಲಬೇಕು? ಇದಕ್ಕೆ ಸುಲಭವಾದ ಉಪಾಯವೆಂದರೆ ಪ್ರತಿಯೊಂದು ಪದವನ್ನೂ ಒಂದು ಚೌಕದ ಪೆಟ್ಟಿಗೆಯೆಂದು ಭಾವಿಸಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಡುತ್ತಾ ಹೋಗುವುದು. ಆದರೆ ಇದರಿಂದ ಜಾಗ ಬಹಳ ಹಾಳಾಗುತ್ತದೆ. ಪದದ ಒಂದು ತುದಿಯಲ್ಲಿ ಎತ್ತರದ ಅಕ್ಷರವೊಂದು ಇದ್ದ ಮಾತ್ರಕ್ಕೆ ಇಡೀ ಪೆಟ್ಟಿಗೆ ಅಷ್ಟೇ ಎತ್ತರವಾಗಿಬಿಡುತ್ತದೆ. ಆದ್ದರಿಂದ ಲಿಲಿಪಾಂಡ್ ಬೇರೊಂದು ದಾರಿ ಹಿಡಿದಿದೆ. ಸಂಜೆಯ ಹೊತ್ತು ಕೆರೆಯ ಏರಿಯ ಮೇಲೆ ನಿಂತು ಊರ ಕಡೆ ನೋಡಿದರೆ, ಬೆಳಕಿಗೆ ಎದುರಾಗಿ ಊರಿನ ಅಂಚು ಮಾತ್ರ ಕಾಣುತ್ತದೆ: ಇಲ್ಲೊಂದು ಗೋಪುರ, ಅಲ್ಲೆರಡು ತೆಂಗಿನ ಮರ, ನಡುವೆ ತಗ್ಗಾದ ಹೆಂಚಿನ ಮಾಡುಗಳು. ಸಂಗೀತದ ಪ್ರತಿ ಸಾಲಿಗೂ ಮೇಲೊಂದು ಕೆಳಗೊಂದು ಇಂಥ ಅಂಚನ್ನು ತಂತ್ರಾಂಶ ಎಳೆದುಕೊಳ್ಳುತ್ತದೆ. ಮೇಲಿನ ಸಾಲಿನ ಕೆಳ ಅಂಚೂ ಕೆಳಗಿನ ಸಾಲಿನ ಮೇಲಂಚೂ ಎಲ್ಲಿಯೂ ತಾಗದಂತೆ ಎಷ್ಟು ಹತ್ತಿರ ತರಬಹುದೋ ನೋಡುತ್ತದೆ. ಗೋಪುರದ ಎದುರಿಗೆ ತಗ್ಗು ಬಂದರೆ ಎರಡೂ ಒಂದರೊಳಗೊಂದು ಹೊಂದಿಕೊಳ್ಳುತ್ತವೆ.

ಉದ್ದವಾದ ಬಿಡಿ ಮಾತುಗಳು ಬಂದಾಗ ಒಂದು ಧರ್ಮಸಂಕಟ ಉಂಟು. 'ಬರಬರುತ್ತ ಮೆಲ್ಲಗೆ' ಎಂಬಂಥ ಸೂಚನೆಯನ್ನು ಒಂದು ಸ್ವರದ ಮೇಲೆ ಬರೆದರೆ ಅದು ಮುಂದಿನ ನಾಲ್ಕು ಸ್ವರಗಳ ಮೇಲೂ ಚಾಚಿಕೊಳ್ಳುತ್ತದೆ. ಆ ಸ್ವರಗಳಲ್ಲೊಂದರ ಮೇಲೆ ಇನ್ನೊಂದು ಸೂಚನೆ ಇದ್ದರೆ ಏನು ಮಾಡಬೇಕು? ಸ್ವರಗಳನ್ನು ಅಕ್ಕಪಕ್ಕಕ್ಕೆ ಸರಿಸಬಹುದು. ಆಗ ಮಾತಿಗಾಗಿ ಲಯದ ಚಿತ್ರ ಕೆಡುತ್ತದೆ. ಅಥವಾ ಎರಡನೆಯ ಸೂಚನೆಯನ್ನು ಮೇಲಕ್ಕೆ ಎತ್ತಬಹುದು. ಆಗ ಅದು ತನ್ನ ಸ್ವರದಿಂದ ದೂರವಾಗುತ್ತದೆ. ಬೇರೆ ಆಜ್ಞೆ ಕೊಡದಿದ್ದರೆ ಲಿಲಿಪಾಂಡ್ ಎತ್ತುವ ದಾರಿಯನ್ನೇ ಹಿಡಿಯುತ್ತದೆ. ಎರಡಕ್ಕಿಂತ ಒಳ್ಳೆಯದು ಮೂರನೆಯ ದಾರಿ: ಬರೆಯುವವನೇ ಮಾತನ್ನು ಚಿಕ್ಕದು ಮಾಡುವುದು.

ಒಂದು ತಗ್ಗು ಸ್ವರದ ಕಥೆ

ಸಾಹಿತ್ಯದ ಸಾಲಿನ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಬಲಸೂಚನೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಜರುಗಿಸಬಹುದು. ಸಾಹಿತ್ಯವನ್ನು ಹಾಗೆ ಜರುಗಿಸುವಂತಿಲ್ಲ. ಅದು ಎಡದಿಂದ ಬಲಕ್ಕೆ ನೇರವಾದ ಒಂದೇ ಸಾಲಿನಲ್ಲಿ ಓಡಬೇಕು. ಅಕ್ಷರಗಳು ಸ್ವರದ ಜೊತೆ ಏರಿಳಿದರೆ ಓದುವವನ ಕಣ್ಣಿಗೆ ಏಣಿ ಹತ್ತಿಸಿದಂತಾಗುತ್ತದೆ.

ಲೆಕ್ಕವನ್ನೇ ಹಾಕಿ ನೋಡೋಣ. ಲಿಲಿಪಾಂಡಿನ ಸಾಮಾನ್ಯ ಅಳತೆಯಲ್ಲಿ ಒಂದು ಪಟ್ಟಿ ಸುಮಾರು ೭ ಮಿಲಿಮೀಟರು ಎತ್ತರ. ಆದ್ದರಿಂದ ಒಂದು ಮನೆ ಸುಮಾರು ೧.೭೫ ಮಿಲಿಮೀಟರು. ಸಾಹಿತ್ಯದ ಅಕ್ಷರಗಳು ಕೂರುವ ನೆಲಗೆರೆಯನ್ನು ಪಟ್ಟಿಯ ನಡುಗೆರೆಯಿಂದ ಐದೂವರೆ ಮನೆ ಕೆಳಗೆ ಇಡಬೇಕೆಂಬುದು ಅದರ ಮೊದಲ ಇಚ್ಛೆ. ಪಟ್ಟಿಯ ಕೊನೆಯ ಗೆರೆಯಿಂದ ಎಣಿಸಿದರೆ ಇದು ಮೂರೂವರೆ ಮನೆ, ಅಂದರೆ ಸುಮಾರು ೬ ಮಿಲಿಮೀಟರು. ಈಗ ತಗ್ಗು ಕಂಠದ ಗಾಯಕಿಯರಿಗಾಗಿ ಬರೆದ ಹಾಡಿನಲ್ಲಿ ಒಂದೇ ಒಂದು ಕಡೆ ಸ್ವರ ಮೂರು ಚಿಕ್ಕ ಅಡ್ಡಗೆರೆಗಳಷ್ಟು ಕೆಳಗಿಳಿಯಿತೆನ್ನೋಣ. ಆ ಬೊಟ್ಟಿನ ತಳ ನಡುಗೆರೆಯಿಂದ ಐದೂವರೆ ಮನೆ ಕೆಳಗೆ ಬರುತ್ತದೆ. ಅಂದರೆ ಸಾಹಿತ್ಯದ ನೆಲಗೆರೆಯ ಮೇಲೆಯೇ ಬಂದು ಕೂತಂತಾಯಿತು! ಅಲ್ಲಿ ಅಕ್ಷರಕ್ಕೆ ಜಾಗವಿಲ್ಲ. ಅಕ್ಷರದ ಎತ್ತರ ಸುಮಾರು ಒಂದೂವರೆ ಮನೆ, ನಡುವೆ ಅರ್ಧ ಮನೆಯ ತೆರಪು. ಒಟ್ಟು ಎರಡು ಮನೆ ಇಳಿಯಬೇಕು. ಆ ಒಂದು ಅಕ್ಷರ ಇಳಿದರೆ ಸಾಲದು, ಸಾಲಿಗೆ ಸಾಲೇ ಮೂರೂವರೆ ಮಿಲಿಮೀಟರು ಇಳಿಯುತ್ತದೆ.

ಮೂರೂವರೆ ಮಿಲಿಮೀಟರು ಏನು ಮಹಾ ಎನ್ನಬಹುದು. ನಾಲ್ಕು ಕಂಠಗಳ ವೃಂದಗಾನದಲ್ಲಿ ಒಟ್ಟಿಗೆ ಹಾಡುವ ನಾಲ್ಕು ಪಟ್ಟಿಗಳ ಒಂದು ಕಟ್ಟು. ಒಂದು ಪುಟದಲ್ಲಿ ಅಂಥ ಮೂರು ಕಟ್ಟುಗಳಿದ್ದರೆ ಹನ್ನೆರಡು ಸಾಹಿತ್ಯದ ಸಾಲುಗಳು. ಪ್ರತಿ ಸಾಲೂ ಇಷ್ಟಿಷ್ಟೇ ಇಳಿದರೆ ಒಟ್ಟು ನಾಲ್ಕು ಸೆಂಟಿಮೀಟರಿಗೂ ಮೀರುತ್ತದೆ. ಆಗ ಮೂರನೆಯ ಕಟ್ಟು ಪುಟದಲ್ಲಿ ಹಿಡಿಯದೆ ಮುಂದಿನ ಪುಟಕ್ಕೆ ಹೋಗಬಹುದು. ಪುಟ ಮಗುಚುವ ಜಾಗ ಬದಲಾಗಿ, ಉಸಿರು ಹಿಡಿದು ಹಾಡಬೇಕಾದ ಕಡೆಯೇ ಮಗುಚಬೇಕಾಗಿ ಬರಬಹುದು. ಒಂದು ತಗ್ಗು ಸ್ವರದಿಂದ ಇಷ್ಟೆಲ್ಲ!

ಇಂಥ ಸಮಯದಲ್ಲಿ ಅನುಭವಿಯಾದವನು ಏನು ಮಾಡುತ್ತಾನೆ? ಅಕ್ಷರವನ್ನು ಕಿರಿದು ಮಾಡುವ ಆಸೆಗೆ ಬೀಳುವುದಿಲ್ಲ. ಮಂದ ಬೆಳಕಿನಲ್ಲಿ ಹಾಡುವವರ ಕಷ್ಟ ಅವನಿಗೆ ಗೊತ್ತು. ಸಾಲು ಮುರಿಯುವ ಜಾಗವನ್ನು ಒಂದು ತಾಳಾವರ್ತ ಹಿಂದೆ ಮುಂದೆ ಮಾಡಿ ನೋಡುತ್ತಾನೆ. ಇಂಥ ತಗ್ಗು ಸ್ವರಗಳು ಎರಡು ಮೂರಿದ್ದು, ಅವು ಒಂದೇ ಸಾಲಿಗೆ ಬಂದರೆ ಆ ಸಾಲೊಂದೇ ಸಡಿಲವಾಗುತ್ತದೆ. ಉಳಿದವು ಬಿಗಿಯಾಗಿ ನಿಲ್ಲುತ್ತವೆ. ಕಂಪ್ಯೂಟರು ಅಂಚನ್ನು ಅಳೆಯಬಲ್ಲದು. ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂಬುದನ್ನು ಬಲ್ಲವನು ಮನುಷ್ಯನೇ.

ತನ್ನವರು, ಪರರು

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಎರಡು ಪಟ್ಟಿಗಳ ನಡುವೆ ಒಂದು ಸಾಹಿತ್ಯದ ಸಾಲಿದೆ. ಅದು ಮೇಲಿನವರದೋ ಕೆಳಗಿನವರದೋ? ಇದನ್ನು ಹೇಳುವುದಕ್ಕೆ ಲಿಲಿಪಾಂಡಿನಲ್ಲಿ ಪ್ರತಿಯೊಂದು ಸಾಹಿತ್ಯದ ಸಾಲಿಗೂ ಒಂದು 'ಒಲವು' ಇಟ್ಟಿದ್ದಾರೆ. ಸಾಮಾನ್ಯವಾಗಿ ಒಲವು ಮೇಲಕ್ಕೆ. ಕೆಳಗಿನ ಪಟ್ಟಿಯವರ ಸಾಹಿತ್ಯವನ್ನು ಅವರ ತಲೆಯ ಮೇಲೆ ಬರೆಯಬೇಕಾದಾಗ ಒಲವನ್ನು ಕೆಳಕ್ಕೆ ತಿರುಗಿಸಬಹುದು. ಚರ್ಚಿನ ಪ್ರಾರ್ಥನಾಗೀತೆಗಳಲ್ಲಿ ಎರಡೇ ಪಟ್ಟಿಗಳಲ್ಲಿ ನಾಲ್ಕು ಕಂಠಗಳನ್ನು ಬರೆದು, ಎಲ್ಲರಿಗೂ ಒಂದೇ ಸಾಹಿತ್ಯವನ್ನು ನಡುವೆ ಕೊಡುವುದುಂಟು. ಅಲ್ಲಿ ಒಲವು ಎರಡೂ ಕಡೆಗೆ ಸಮ.

ಒಲವಿಗೆ ತಕ್ಕಂತೆ ಅಂತರವೂ ಬದಲಾಗುತ್ತದೆ. ಸಾಹಿತ್ಯಕ್ಕೂ ತನ್ನ ಪಟ್ಟಿಗೂ ನಡುವೆ ಕನಿಷ್ಠ ಅರ್ಧ ಮನೆಯ ತೆರಪು. ಪರರ ಪಟ್ಟಿಯಿಂದಲಾದರೋ ಕನಿಷ್ಠ ಒಂದೂವರೆ ಮನೆ. ತನ್ನವರಿಗಿಂತ ಪರರಿಂದ ಮೂರು ಪಾಲು ದೂರ! ಹಳೆಯ ಕೆತ್ತನೆಗಾರನ ಕಣ್ಣಿನಲ್ಲಿದ್ದ ವಿವೇಕ ಈ ಎರಡು ಅಂಕಿಗಳಲ್ಲಿ ಬಂದು ಕೂತಿದೆ.

ಪುಟದಲ್ಲಿ ಜಾಗ ಮಿಕ್ಕಿದರೆ? ಅದನ್ನು ಎಲ್ಲ ಕಡೆಗೂ ಸಮನಾಗಿ ಹಂಚಿದರೆ ಈ ವಿವೇಕವೇ ಹಾಳು. ಆದ್ದರಿಂದ ಸಾಲುಗಳ ನಡುವೆ ಸ್ಪ್ರಿಂಗುಗಳಿವೆಯೆಂದು ತಂತ್ರಾಂಶ ಭಾವಿಸುತ್ತದೆ. ಪ್ರತಿ ಸ್ಪ್ರಿಂಗಿಗೂ ನಾಲ್ಕು ಸಂಗತಿಗಳು ಗೊತ್ತು: ತನಗೆ ಸುಖವಾದ ದೂರ ಎಷ್ಟು, ಎಷ್ಟೇ ಒತ್ತಿದರೂ ಬಿಡಕೂಡದ ಕನಿಷ್ಠ ದೂರ ಎಷ್ಟು, ಇಬ್ಬರ ಅಂಚುಗಳ ನಡುವೆ ಇರಲೇಬೇಕಾದ ತೆರಪು ಎಷ್ಟು, ಎಳೆದರೆ ಹಿಗ್ಗುವ ಸ್ವಭಾವ ಎಷ್ಟು. ಉದಾಹರಣೆಗೆ, ಒಂದು ಗುಂಪಿನ ಒಳಗಿನ ಎರಡು ಪಟ್ಟಿಗಳ ನಡುಗೆರೆಗಳಿಗೆ ಸುಖವಾದ ದೂರ ೯ ಮನೆ; ಒಂದು ಗುಂಪಿಗೂ ಮುಂದಿನ ಗುಂಪಿಗೂ ೧೦.೫ ಮನೆ. ಜಾಗ ಮಿಕ್ಕಿದಾಗ ಗುಂಪುಗಳ ನಡುವಣ ಸ್ಪ್ರಿಂಗು ಹೆಚ್ಚು ಹಿಗ್ಗುತ್ತದೆ, ಒಳಗಿನದು ಕಡಮೆ. ಸಾಹಿತ್ಯವನ್ನು ಅದರ ಪಟ್ಟಿಗೆ ಕಟ್ಟಿದ ಸ್ಪ್ರಿಂಗು ಎಲ್ಲಕ್ಕಿಂತ ಬಿಗಿ. ಹೀಗೆ ಪುಟ ತುಂಬುತ್ತದೆ, ನಂಟು ಕೆಡುವುದಿಲ್ಲ.

ಕನ್ನಡದ ಅಕ್ಷರ ಬಂದಾಗ

ಮೇಲೆ ಹೇಳಿದ ಅಳತೆಗಳೆಲ್ಲ ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗೊತ್ತುಮಾಡಿದವು. ಅವು ಬಹುಮಟ್ಟಿಗೆ ಒಂದು ನೆಲಗೆರೆಯ ಮೇಲೆ ನಿಲ್ಲುತ್ತವೆ. ಕೆಲವಕ್ಕೆ ಮಾತ್ರ ಚಿಕ್ಕ ಬಾಲ. ಕನ್ನಡದ ಕಥೆಯೇ ಬೇರೆ. ನಮ್ಮಲ್ಲಿ ಅಕ್ಷರದ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. 'ರಾಷ್ಟ್ರ' ಎಂದು ಬರೆದರೆ ಎರಡನೆಯ ಅಕ್ಷರದ ಬುಡದಲ್ಲಿ ಎರಡು ಒತ್ತುಗಳು ಜೋತುಬೀಳುತ್ತವೆ. ಇಂದಿನ ತಂತ್ರಾಂಶಗಳಿಗೆ ಕನ್ನಡದ ಒತ್ತು ದೀರ್ಘಗಳನ್ನು ಜೋಡಿಸುವುದು ತಿಳಿದಿದೆ, ಅದರಲ್ಲಿ ತೊಡಕಿಲ್ಲ. ತೊಡಕು ಇರುವುದು ದೂರದಲ್ಲಿ.

ಒಂದೇ ಪಟ್ಟಿಯ ಕೆಳಗೆ ಎರಡು ಚರಣಗಳನ್ನು ಒಂದರ ಕೆಳಗೊಂದು ಕೊಟ್ಟಾಗ, ಎರಡೂ ನೆಲಗೆರೆಗಳ ನಡುವೆ ಕನಿಷ್ಠ ೨.೮ ಮನೆ ಇರಬೇಕೆಂದು ಲಿಲಿಪಾಂಡ್ ಇಟ್ಟುಕೊಂಡಿದೆ. ರೋಮನ್ ಅಕ್ಷರಕ್ಕೆ ಇದು ಧಾರಾಳ. ಕನ್ನಡದಲ್ಲಿ ಮೊದಲ ಚರಣದ ಒತ್ತಿನ ಕೆಳಗೇ ಎರಡನೆಯ ಚರಣದ ಗುಡಿಸು ಬಂದರೆ ಎರಡೂ ಒಂದನ್ನೊಂದು ಮುಟ್ಟುವಂತಾಗುತ್ತದೆ. ಅಂಚಿನ ಲೆಕ್ಕವಿರುವುದರಿಂದ ತಂತ್ರಾಂಶ ಅವು ತಾಗದಂತೆ ಎರಡನೆಯ ಸಾಲನ್ನು ಚೂರು ಕೆಳಕ್ಕೆ ತಳ್ಳುತ್ತದೆ, ನಿಜ. ಆದರೆ ಹಾಗೆ ಒತ್ತು ಬಂದ ಕಟ್ಟಿನಲ್ಲಿ ಸಾಲುಗಳ ನಡುವೆ ಹೆಚ್ಚು ದೂರ, ಬಾರದ ಕಟ್ಟಿನಲ್ಲಿ ಕಡಮೆ; ಪುಟ ನೋಡುವುದಕ್ಕೆ ಏರುಪೇರು. ಇದಕ್ಕೆ ಪರಿಹಾರ ಸುಲಭ. ಕನ್ನಡ ಸಾಹಿತ್ಯಕ್ಕೆ ಆ ಕನಿಷ್ಠ ಅಂಕಿಯನ್ನೇ ಮೂರೂವರೆ ನಾಲ್ಕಕ್ಕೆ ಏರಿಸಿಬಿಟ್ಟರೆ ಒತ್ತು ಇರಲಿ ಇಲ್ಲದಿರಲಿ ಎಲ್ಲ ಸಾಲುಗಳೂ ಒಂದೇ ನಡಿಗೆಯಲ್ಲಿ ಸಾಗುತ್ತವೆ. ಅಂಕಿ ಅಕ್ಷರಗಳ ಗಾತ್ರವನ್ನು ಅನುಸರಿಸಿ ಸ್ವಲ್ಪ ಹೆಚ್ಚು ಕಡಮೆ ಆಗಬಹುದು, ನೋಡಿಯೇ ಗೊತ್ತುಮಾಡಬೇಕು.

ಇನ್ನೊಂದು ಸ್ವಾರಸ್ಯವಾದ ಪ್ರಶ್ನೆಯಿದೆ. 'ಅಮ್ಮ' ಎಂಬ ಪದವನ್ನು ಎರಡು ಸ್ವರಗಳಿಗೆ ಹಾಡುವಾಗ ನಾಲಿಗೆ ಅದನ್ನು ಅಮ್, ಮ ಎಂದು ಒಡೆಯುತ್ತದೆ. ಮೊದಲ ಸ್ವರ ಮುಗಿಯುವಾಗಲೇ ತುಟಿ ಮುಚ್ಚಿರುತ್ತದೆ. ರೋಮನ್ ಲಿಪಿಯಲ್ಲಿ ಹಾಗೆಯೇ ಒಡೆದು ನಡುವೆ ಸಣ್ಣ ಗೀಟು ಹಾಕಿ ಬರೆಯಬಹುದು. ಕನ್ನಡದಲ್ಲಿ ಬರೆಯುವುದು ಅ, ಮ್ಮ ಎಂದೇ. ಒತ್ತಕ್ಷರವನ್ನು ಒಡೆದು ಅರ್ಧವನ್ನು ಹಿಂದಿನ ಸ್ವರದ ಕೆಳಗೆ ಇಟ್ಟರೆ ಕನ್ನಡ ಓದುವ ಕಣ್ಣಿಗೆ ಅದು ಅಪರಿಚಿತವಾಗುತ್ತದೆ. ಆದ್ದರಿಂದ ನಾಲಿಗೆಯ ಲೆಕ್ಕವನ್ನು ಬದಿಗಿಟ್ಟು ಕಣ್ಣಿನ ಲೆಕ್ಕವನ್ನೇ ಹಿಡಿಯುವುದು ಲೇಸು. ಕನ್ನಡ ಬಲ್ಲ ಗಾಯಕ ತುಟಿಯನ್ನು ಎಲ್ಲಿ ಮುಚ್ಚಬೇಕೆಂಬುದನ್ನು ತಾನೇ ತಿಳಿಯುತ್ತಾನೆ.

ನಮ್ಮ ಸ್ವರಲಿಪಿಯಲ್ಲೂ ಇದೇ ಪ್ರಶ್ನೆ

ಇದೆಲ್ಲ ಪಾಶ್ಚಾತ್ಯರ ಐದು ಗೆರೆಗಳಿಗೆ ಸೇರಿದ್ದು, ನಮಗೇಕೆ ಎನ್ನುವಂತಿಲ್ಲ. ಮನೆಯಲ್ಲಿ ಮಕ್ಕಳು ಕಲಿಯುವ ಕರ್ಣಾಟಕ ಸಂಗೀತದ ಪುಸ್ತಕವನ್ನು ತೆರೆದು ನೋಡಿ. ಮೇಲಿನ ಸಾಲಿನಲ್ಲಿ ಸ್ವರ, ಕೆಳಗಿನ ಸಾಲಿನಲ್ಲಿ ಸಾಹಿತ್ಯ. ತಾರಸ್ಥಾಯಿಗೆ ಸ್ವರದ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕೆಳಗೊಂದು ಚುಕ್ಕೆ. ಕಾಲ ಇಮ್ಮಡಿಯಾದರೆ ಸ್ವರಗಳ ಮೇಲೊಂದು ಗೆರೆ, ನಾಲ್ಮಡಿಯಾದರೆ ಎರಡು ಗೆರೆ. 'ನಿ' ಎಂಬ ಅಕ್ಷರದ ಗುಡಿಸಿನ ಮೇಲೆ ಚುಕ್ಕೆ, ಚುಕ್ಕೆಯ ಮೇಲೆ ಗೆರೆ. ಹೀಗೆ ಒಂದರ ಮೇಲೊಂದು. ೧೯೦೪ರಲ್ಲಿ ಎಟ್ಟಯಾಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಇವಲ್ಲದೆ ಗಮಕಗಳ ಚಿಹ್ನೆಗಳೂ ಸ್ವರಗಳ ಮೇಲೆ ಬಂದಿವೆ. ಬಿಡಿ ಮೊಳೆಗಳ ಕಾಲದಲ್ಲಿ ಅದನ್ನು ಜೋಡಿಸಿದವರ ತಾಳ್ಮೆ ದೊಡ್ಡದು.

ಇಲ್ಲಿಯೂ ನಿಯಮ ಅದೇ: ಸ್ವರಕ್ಕೂ ಅದರ ಸಾಹಿತ್ಯಕ್ಕೂ ನಡುವಣ ತೆರಪು ಕಡಮೆ ಇರಬೇಕು, ಆ ಸಾಹಿತ್ಯಕ್ಕೂ ಅದರ ಕೆಳಗಿನ ಮುಂದಿನ ಸ್ವರದ ಸಾಲಿಗೂ ನಡುವಣ ತೆರಪು ಎದ್ದು ಕಾಣುವಷ್ಟು ಹೆಚ್ಚಿರಬೇಕು. ಎರಡೂ ಸಮನಾಗಿದ್ದರೆ ಎಳೆಯ ವಿದ್ಯಾರ್ಥಿ ಸಾಹಿತ್ಯವನ್ನು ಕೆಳಗಿನ ಸ್ವರಕ್ಕೆ ಹೊಂದಿಸಿ ಹಾಡಲು ಹೊರಡುತ್ತಾನೆ; ತಪ್ಪು ಅವನದಲ್ಲ, ಹಾಳೆಯದು. ಮಂದ್ರದ ಚುಕ್ಕೆಯೂ ಹಾಗೆಯೇ. ಅದು ಸ್ವರದ ಕಾಲಿಗೆ ಅಂಟಿಕೊಂಡಿರಬೇಕು. ಕೆಳಗೆ ಜಾರಿ ಸಾಹಿತ್ಯದ ತಲೆಗೆ ಹತ್ತಿರವಾದರೆ ಅದು ಯಾರದೂ ಅಲ್ಲದ ಚುಕ್ಕೆಯಾಗುತ್ತದೆ, ಹಾಡುವವನು ಮಂದ್ರದ ನಿಷಾದವನ್ನು ಮಧ್ಯಸ್ಥಾಯಿಯಲ್ಲಿ ಹಾಡಿಬಿಡುತ್ತಾನೆ.

ಈಗ ಅನೇಕ ಮನೆಗಳಲ್ಲಿ ಕಂಪ್ಯೂಟರು ಇದೆ. ಪಾಠ ಹೇಳುವವರು ತಾವೇ ಹಾಳೆಗಳನ್ನು ಸಿದ್ಧಪಡಿಸಿ ಕೊಡುತ್ತಾರೆ. ಅಂಥವರು ಅಚ್ಚಿಗೆ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು, ಅಕ್ಷರ ಓದದೆ, ಕಣ್ಣನ್ನು ಅರೆ ಮುಚ್ಚಿ ನೋಡಬೇಕು. ಸ್ವರವೂ ಸಾಹಿತ್ಯವ��� ಜೋಡಿಜೋಡಿಯಾಗಿ ಕಾಣುತ್ತವೆಯೋ, ಇಲ್ಲ ಎಲ್ಲ ಸಾಲುಗಳೂ ಕಂಬಿಗಳಂತೆ ಸಮನಾಗಿ ಕಾಣುತ್ತವೆಯೋ? ಜೋಡಿಯಾಗಿ ಕಂಡರೆ ಹಾಳೆ ಸಿದ್ಧ. ಕಂಬಿಗಳಂತೆ ಕಂಡರೆ ಜೋಡಿಗಳ ನಡುವೆ ಇನ್ನಷ್ಟು ತೆರಪು ಬಿಡಬೇಕು. ಒಂದು ಕಾಗದ ಹೆಚ್ಚು ಖರ್ಚಾದರೂ ಚಿಂತೆಯಿಲ್ಲ. ಆಮೇಲೆ ಅದನ್ನು ಹಾಡು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಹಾಡಿಸಿ ನೋಡಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಅಳತೆಯನ್ನು ತಿದ್ದಬೇಕು.